ಒಂದೇ ಗೋಡೆ, ರಾಜ ಎರಡು ಸಲ

ಊಟ ಮುಗಿಸಿ ಸುಮ್ನೆ ಫೋನ್ ನೋಡುತ್ತಾ ಕೂತಿದ್ದೆ. ಗೆಳೆಯನೊಬ್ಬ ಇರಾನಿನದೊಂದು ಫೋಟೋ ಕಳಿಸಿದ್ದ. ಕೆರ್ಮಾನ್‌ಶಾ ಹತ್ತಿರದ ತಾಕ್-ಎ-ಬೋಸ್ತಾನ್. ಬೆಟ್ಟದ ಬಂಡೆ ಕೊರೆದು ಮಾಡಿದ ದೊಡ್ಡ ಕಮಾನು. ಒಳಗೆ ಎಡಗೋಡೆ ತುಂಬಾ ಹಂದಿ ಬೇಟೆ.

ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ.

ಆನೆಗಳು ಜೊಂಡಿನ ನಡುವಿಂದ ಕಾಡುಹಂದಿಗಳನ್ನು ಅಟ್ಟಿಕೊಂಡು ಬರುತ್ತಿವೆ. ದೋಣಿಯಲ್ಲಿ ನಿಂತ ರಾಜ ಬಿಲ್ಲು ಎಳೆದಿದ್ದಾನೆ. ಎಲ್ಲರಿಗಿಂತ ದೊಡ್ಡ ಗಾತ್ರ, ರಾಜ ಅಲ್ವಾ! ಆಚೆ ಇನ್ನೊಂದು ದೋಣಿ. ಅದರಲ್ಲೂ ಅವನೇ. ಈಗ ತಲೆಯ ಸುತ್ತ ಪ್ರಭೆ, ಬಿಲ್ಲು ಸಡಿಲ. ಅಂದರೆ ಬೇಟೆ ಮುಗಿಯಿತು. ಬೇಟೆಯ ಜಾಗಕ್ಕೆ ಹಾಕಿದ ಬೇಲಿಯ ಆಚೆಗೆ ಕಣ್ಣು ಹಾಯಿಸಿದರೆ ಸತ್ತ ಹಂದಿಗಳು ಆನೆ ಬೆನ್ನೇರಿವೆ.

ನಡುವೆ ಒಂದು ಗೆರೆ ಇಲ್ಲ, ಚೌಕಟ್ಟಿಲ್ಲ, ಒಂದಕ್ಷರ ವಿವರಣೆ ಇಲ್ಲ. ಆದರೂ ಎಲ್ಲೂ ಗೊಂದಲ ಆಗುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ರಾಜ ಅಲ್ಲ, ಹಾರ್ಪ್ ನುಡಿಸುವ ಹೆಂಗಸರು. ಸುತ್ತ ಹಂದಿಗಳು ದಿಕ್ಕಾಪಾಲಾಗಿ ಓಡುತ್ತಿವೆ, ಬಾಣ ಬೀಳುತ್ತಿದೆ. ಇವರು ದೋಣಿಯಲ್ಲಿ ಸಾಲಾಗಿ ಕೂತು ತಂತಿ ಮೀಟುತ್ತಿದ್ದಾರೆ! ಇನ್ನೊಂದು ದೋಣಿಯವರು ಚಪ್ಪಾಳೆ ತಟ್ಟುತ್ತಿದ್ದಾರೆ. ಶಿಲ್ಪಿ ಬಟ್ಟೆಯ ನೇಯ್ಗೆಯ ಚಿತ್ತಾರವನ್ನೂ ಬಿಟ್ಟಿಲ್ಲ. ಕಲ್ಲಲ್ಲಿ ಅಷ್ಟು ಸಣ್ಣ ಕೆಲಸ ಮಾಡಲು ಎಂಥ ತಾಳ್ಮೆ ಬೇಕು ಮಾರಾಯ್ರೇ.

ಇದು ಇರಾನನ್ನು ಆಳಿದ ಸಸಾನಿಯನ್ ದೊರೆ ಎರಡನೇ ಖುಸ್ರೋನ ಕಾಲದ್ದು ಅಂತ ತುಂಬಾ ಜನ ಹೇಳುತ್ತಾರೆ. ಅವನು ಕ್ರಿ.ಶ. 628ರಲ್ಲಿ ಪಟ್ಟ ಕಳೆದುಕೊಂಡ. ಎದುರು ಗೋಡೆಯಲ್ಲಿ ಜಿಂಕೆ ಬೇಟೆಯೂ ಇದೆ, ಅದರ ಕೆತ್ತನೆ ಪೂರ್ತಿ ಆಗಿಲ್ಲ. ಅದರದ್ದೂ ಫೋಟೋ ಕಳಿಸೋ ಅಂತ ಕೇಳಿದ್ದೀನಿ.