ಮಣಿಗಳ ತಟ್ಟೆ: ಜನವರಿಯಿಂದ ಆಟಿಯವರೆಗೆ

ಜನವರಿ, ಎರಡನೇ ವಾರ

ಈ ಕೆಲಸ ಶುರುವಾದದ್ದು ತೆಂಗಿನೆಣ್ಣೆಯ ಶೀಸೆಯಿಂದ. ಭಾಗಮಂಡಲದ ಕಡೆಯ ನಮ್ಮ ಮನೆಯಲ್ಲಿ ಈ ತಿಂಗಳ ಚಳಿಗೆ ಬೆಳಗ್ಗೆ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಒಂಬತ್ತನೇ ತರಗತಿಯಲ್ಲಿರುವ ಅಕ್ಕನ ಮಗಳು ಶೀಸೆಯನ್ನು ಒಲೆಯ ಬದಿಗಿಟ್ಟು ಕರಗಿಸಿ, ಹಾಗೆಯೇ ನನ್ನ ಹತ್ತಿರ ತಂದಳು.

"ಮಾವ, ಘನದಲ್ಲಿ ಕಣಗಳು ಒತ್ತೊತ್ತಾಗಿ, ದ್ರವದಲ್ಲಿ ದೂರ ದೂರ ಇರುವಂತೆ ಚಿತ್ರ ಬರೆಯುತ್ತಾರೆ. ಹಾಗಿದ್ದರೆ ಎಣ್ಣೆ ಕರಗಿದಾಗ ಉಕ್ಕಿ ಚೆಲ್ಲಬೇಕಿತ್ತಲ್ಲ?"

ಚೆಲ್ಲಿರಲಿಲ್ಲ. ಹೆಪ್ಪುಗಟ್ಟಿದ್ದಾಗ ನಡುವೆ ಒಂದು ಸಣ್ಣ ಗುಳಿ ಬಿದ್ದಿತ್ತು, ಕರಗಿದಾಗ ಅದು ತುಂಬಿಕೊಂಡಿತು, ಅಷ್ಟೇ. ನೀರಿನದಂತೂ ಇದಕ್ಕೆ ತಿರುಗುಮುರುಗು: ಮಂಜುಗಡ್ಡೆಯಾದಾಗಲೇ ಅದು ಸುಮಾರು 9 ಶೇಕಡ ಹಿಗ್ಗುತ್ತದೆ. ಹುಡುಗಿಯ ಪ್ರಶ್ನೆ ನೂರಕ್ಕೆ ನೂರು ಸರಿಯಾಗಿತ್ತು. ಘನಕ್ಕೂ ದ್ರವಕ್ಕೂ ಇರುವ ವ್ಯತ್ಯಾಸ ದೂರದ್ದಲ್ಲ, ನೆರೆಯವರದ್ದು. ಘನದಲ್ಲಿ ಒಂದು ಕಣದ ಅಕ್ಕಪಕ್ಕದವರು ಬದಲಾಗುವುದಿಲ್ಲ, ದ್ರವದಲ್ಲಿ ಬದಲಾಗುತ್ತಲೇ ಇರುತ್ತಾರೆ. ನಿಂತ ಚಿತ್ರದಲ್ಲಿ ಇದನ್ನು ತೋರಿಸಲು ಆಗದು. ಅದಕ್ಕೆ ಚಲಿಸುವ ಚಿತ್ರವೊಂದು ಬೇಕು, ಅದನ್ನು ಕೈಯಾರೆ ಮಾಡೋಣ ಎಂದು ಇಬ್ಬರೂ ತೀರ್ಮಾನಿಸಿದೆವು.

ಫೆಬ್ರವರಿ

ಹಳೆಯ ಟೇಪ್ ರೆಕಾರ್ಡರಿನ ಸ್ಪೀಕರ್, ಅದರ ಮೇಲೆ 12 ಸೆಂಟಿಮೀಟರ್ ಉದ್ದಗಲದ ಅಕ್ರಿಲಿಕ್ ತಟ್ಟೆ. ಮೊಬೈಲಿನಿಂದ ಆಂಪ್ಲಿಫೈಯರಿಗೆ 45 ಹರ್ಟ್ಸ್‌ನ ಸ್ವರ ಕೊಟ್ಟರೆ ತಟ್ಟೆ ಕಂಪಿಸುತ್ತದೆ. ತಟ್ಟೆಗೆ ಹಾಕುವ ಕಾಳು, ಮಣಿಗಳೇ ನಮ್ಮ ಕಣಗಳು. ಸದ್ದು ಏರಿಸಿದರೆ ಅವುಗಳ ಓಡಾಟ ಹೆಚ್ಚುತ್ತದೆ, ಅಂದರೆ ಸದ್ದೇ ಇಲ್ಲಿ ಉಷ್ಣತೆ.

ಮೊದಲು ಹಾಕಿದ್ದು ಮನೆಯ ಕರಿಮೆಣಸು. ಜರಡಿ ಹಿಡಿದು ಆರಿಸಿದರೂ ಕಾಳುಗಳ ಗಾತ್ರ ಒಂದೇ ಆಗಲಿಲ್ಲ. ಅವು ಸಾಲುಗಟ್ಟದೆ ಹೇಗೆಂದರೆ ಹಾಗೆ ಸಿಕ್ಕಿಕೊಂಡು ನಿಂತವು. ಗಾಜಿನೊಳಗಿನ ಕಣಗಳೂ ಹೀಗೆಯೇ, ಗಟ್ಟಿಯಾಗಿದ್ದರೂ ಕ್ರಮವಿಲ್ಲದೆ ನಿಂತಿರುತ್ತವೆ. ನಮಗೆ ಬೇಕಿದ್ದದ್ದು ಸ್ಫಟಿಕ. ಆಮೇಲೆ ಸೈಕಲ್ ಬೇರಿಂಗಿನ ಉಕ್ಕಿನ ಗುಂಡುಗಳನ್ನು ತಂದೆ. ಅವುಗಳ ಭಾರಕ್ಕೆ ಸ್ಪೀಕರಿನ ಸುರುಳಿ ಸುಟ್ಟುಹೋಯಿತು. ಹೊಸ ಸ್ಪೀಕರ್ ತರಬೇಕಾಯಿತು.

ಕೊನೆಗೆ ಕೈಹಿಡಿದದ್ದು ಮಡಿಕೇರಿಯ ಫ್ಯಾನ್ಸಿ ಅಂಗಡಿಯಲ್ಲಿ ಸಿಕ್ಕ 6 ಮಿಲಿಮೀಟರಿನ ಪ್ಲಾಸ್ಟಿಕ್ ಮುತ್ತು. ಮುತ್ತುಗಳು ಒಂದರ ಮೇಲೊಂದು ಏರದಂತೆ 8 ಮಿಲಿಮೀಟರ್ ಎತ್ತರಕ್ಕೆ ಮುಚ್ಚಳ ಕೂರಿಸಿದೆ. ನುಣುಪು ತಟ್ಟೆಯ ಮೇಲೆ ಅವು ನಿಂತಲ್ಲೇ ಕುಪ್ಪಳಿಸುತ್ತಿದ್ದವು. ಅಡಿಗೆ ಉಪ್ಪುಕಾಗದ ಅಂಟಿಸಿದ ಮೇಲೆ ಪಕ್ಕಕ್ಕೂ ಚಿಮ್ಮತೊಡಗಿದವು. ಒಣ ಹವೆಗೆ ವಿದ್ಯುದಾವೇಶ ಏರಿ ಮುಚ್ಚಳಕ್ಕೆ ಅಂಟಿಕೊಳ್ಳುವ ತೊಂದರೆಯೂ ಇತ್ತು. ಸೋಪಿನ ನೀರಲ್ಲಿ ಅದ್ದಿ ಒಣಗಿಸಿದರೆ ಒಂದೆರಡು ದಿನ ತಡೆಯುತ್ತದೆ.

ಏಪ್ರಿಲ್

ಎಣಿಕೆಯ ತಿಂಗಳು. ತಟ್ಟೆಯಲ್ಲಿ ಬಿಗಿಯಾಗಿ ಜೋಡಿಸಿದರೆ 429 ಮಣಿ ಹಿಡಿಸುತ್ತವೆ. 380 ಇದ್ದಾಗ ಎಲ್ಲವೂ ನಡುಗುತ್ತವೆ, ಆದರೆ ಜೇನುಹುಟ್ಟಿನ ಕಣ್ಣುಗಳಂತೆ ಒಂದೊಂದರ ಸುತ್ತ ಆರಾರು, ಜಾಗ ಬಿಡುವುದಿಲ್ಲ. ಕೆಂಪು ಬಣ್ಣ ಬಳಿದ ಒಂದು ಮಣಿಯನ್ನು ನಡುವೆ ಇಟ್ಟಿದ್ದೆವು. ಹತ್ತು ನಿಮಿಷವಾದರೂ ಅದು ತನ್ನ ಗೂಡಿನಲ್ಲೇ ಇತ್ತು. ಹತ್ತತ್ತಾಗಿ ಮಣಿಗಳನ್ನು ತೆಗೆಯುತ್ತ ಬಂದೆವು. 330ಕ್ಕೆ ಇಳಿದಾಗ ಕಣ್ಣಿಗೆ ತಟ್ಟೆ ಇನ್ನೂ ತುಂಬಿದಂತೆಯೇ ಕಾಣುತ್ತಿತ್ತು, ಆದರೆ ಸಾಲುಗಳು ಕರಗಿದ್ದವು. ಕೆಂಪು ಮಣಿ ನೆರೆಯವರ ನಡುವೆ ನುಸುಳಿಕೊಂಡು ಮೂಲೆಯ ಕಡೆ ಹೊರಟಿತು. ಅಕ್ಕನ ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಾನೂ ಅಷ್ಟೇ.

ಅದರ ಜಾಗವನ್ನು ಮೂವತ್ತು ಸೆಕೆಂಡಿಗೊಮ್ಮೆ ಗ್ರಾಫ್ ಹಾಳೆಯಲ್ಲಿ ಗುರುತಿಸಿದೆವು. ಫ್ರಾನ್ಸಿನ ಜ್ಯಾನ್ ಪೆರಾಂ ಸೂಕ್ಷ್ಮದರ್ಶಕದ ಕೆಳಗೆ ನೀರಿನಲ್ಲಿ ತೇಲುವ ಕಣಗಳನ್ನು ಹೀಗೆಯೇ ಮೂವತ್ತು ಸೆಕೆಂಡಿಗೊಮ್ಮೆ ಗುರುತಿಸಿ, ಹೀಗೆ ಅಲೆಯುವ ಕಣ ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗುತ್ತದೆ ಎಂಬ 1905ರ ಐನ್‌ಸ್ಟೈನ್ ಲೆಕ್ಕ ಸರಿ ಎಂದು ತೋರಿಸಿದರು. ಅಣುಗಳು ನಿಜವಾಗಿಯೂ ಇವೆಯೇ ಎಂಬ ಜಗಳ ಮುಗಿದದ್ದು ಅಲ್ಲಿಗೆ. 1926ರಲ್ಲಿ ಅವರಿಗೆ ನೊಬೆಲ್ ಬಂತು.

ಅನಿಲಕ್ಕೆಂದು 40 ಮಣಿ ಇಟ್ಟಿದ್ದೆವು. ನೋಡಲು ಚೆನ್ನಾಗಿತ್ತು, ಆದರೆ ಅದು ಸುಳ್ಳು. ಸಮುದ್ರ ಮಟ್ಟದಲ್ಲಿ ಕುದಿಯುವ ನೀರು ಆವಿಯಾದಾಗ ಗಾತ್ರ ಸುಮಾರು 1,600 ಪಟ್ಟಾಗುತ್ತದೆ, ಅಂದರೆ ಕಣದಿಂದ ಕಣಕ್ಕೆ ದೂರ ಸುಮಾರು ಹನ್ನೆರಡು ಪಟ್ಟು. ಅಷ್ಟು ದೂರಕ್ಕೆ ನಮ್ಮ ತಟ್ಟೆಯಲ್ಲಿ ಹಿಡಿಸುವುದು ಮೂರೇ ಮಣಿ. 37 ಮಣಿಗಳನ್ನು ತೆಗೆದೆವು. ಉಳಿದ ಮೂರು ಗೋಡೆಯಿಂದ ಗೋಡೆಗೆ ಬಡಿಯುತ್ತ, ಒಂದಕ್ಕೊಂದು ತಾಗುವುದೇ ಅಪರೂಪವಾಯಿತು. ಅನಿಲದ ನಿಜವಾದ ಚಿತ್ರವೆಂದರೆ ಬಹುಪಾಲು ಬರಿಯ ಜಾಗ.

ಜೂನ್ ಕೊನೆ

ಮಳೆ ಹಿಡಿದ ಮೇಲೆ ವಿದ್ಯುದಾವೇಶದ ಕಾಟ ತಪ್ಪಿತು. ಆದರೆ ನನ್ನನ್ನು ಬೇರೊಂದು ಕೊರತೆ ಕಾಡುತ್ತಿತ್ತು. ನಿಜವಾದ ಕಣಗಳು ಒಂದನ್ನೊಂದು ಸೆಳೆಯುತ್ತವೆ, ಮುತ್ತುಗಳಿಗೆ ಆ ಸೆಳೆತವಿಲ್ಲ. ಆದ್ದರಿಂದಲೇ ನಮ್ಮ ದ್ರವಕ್ಕೆ ಮೇಲ್ಮೈ ಇರಲಿಲ್ಲ. ತಟ್ಟೆಯ ಒಂದು ಬದಿಗೆ ಎರಡು ರಟ್ಟಿನ ತುಂಡು ಕೊಟ್ಟು ಓರೆ ಮಾಡಿದೆ. ಭೂಮಿಯ ಸೆಳೆತವೇ ಆ ಕೆಲಸಕ್ಕೆ ಬಂತು: 150 ಮಣಿಗಳು ತಗ್ಗಿನಲ್ಲಿ ಕೊಳದಂತೆ ನಿಂತವು, ಮೇಲೆ ಅಂಚು ಮೂಡಿತು. ಅಂಚಿನಿಂದ ಆಗಾಗ ಒಂದೊಂದು ಮಣಿ ಜಿಗಿದು ಖಾಲಿ ಜಾಗದಲ್ಲಿ ಹಾರಾಡಿ ಮತ್ತೆ ಬೀಳುತ್ತಿತ್ತು. ಸದ್ದು ಏರಿಸಿದರೆ ಜಿಗಿಯುವವರು ಹೆಚ್ಚಿದರು.

ಆ ವೇಳೆಗೆ ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನದ ಬಟ್ಟೆ ಇನ್ನೂ ಹಸಿಯಾಗಿಯೇ ತೂಗುತ್ತಿತ್ತು. ಬಟ್ಟೆಯಿಂದ ಜಿಗಿಯುವಷ್ಟೇ ನೀರಿನ ಅಣುಗಳು ಗಾಳಿಯಿಂದ ಮರಳಿ ಬರುತ್ತಿದ್ದರೆ ಅದು ಒಣಗುವುದಾದರೂ ಹೇಗೆ? ತಟ್ಟೆಯ ಅಂಚನ್ನು ಅರ್ಧ ಗಂಟೆ ನೋಡಿದ ಮೇಲೆ ಇದನ್ನು ಅಕ್ಕನ ಮಗಳೇ ಹೇಳಿದಳು, ನಾನು ಹೇಳಿಕೊಡಲಿಲ್ಲ.

ಆಗಸ್ಟ್ 3

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೆಯ ದಿನ, ನಮ್ಮ ಮನೆಯ ಮಾತಿನಲ್ಲಿ ಆಟಿ ಹದಿನೆಂಟು. ಈ ದಿನ ಮದ್ದು ಸೊಪ್ಪಿನ ಪಾಯಸ ಮಾಡುವುದು ವಾಡಿಕೆ. ಮದ್ದು ಪಾಯಸಕ್ಕೆಂದು ಅಕ್ಕ ಬೇಯಿಸಿದ ಮದ್ದು ಸೊಪ್ಪಿನ ಕಡುನೇರಳೆ ರಸದಲ್ಲಿ ಒಂದು ಲೋಟ ಕೇಳಿ ಪಡೆದೆವು. ಬಿಸಿನೀರಿಗೂ ತಣ್ಣೀರಿಗೂ ಒಂದೊಂದು ಹನಿ ಬಿಟ್ಟಾಗ ಬಿಸಿಯಲ್ಲಿ ಬಣ್ಣ ಬೇಗ ಹರಡಿತು. ಆದರೆ ತಣಿಯುವ ನೀರು ತಾನೇ ಮೇಲೆ ಕೆಳಗೆ ಹರಿದು ಬಣ್ಣವನ್ನು ಹೊತ್ತೊಯ್ಯುತ್ತದೆ, ಕಣಗಳ ಅಲೆದಾಟ ಮಾತ್ರ ಎಷ್ಟು ಎಂದು ಅದರಿಂದ ತಿಳಿಯದು. ಹರಿವನ್ನು ತಡೆಯಲು ಚೈನಾ ಗ್ರಾಸ್ (ಜೆಲ್ಲಿಗೆ ಬಳಸುವ ಕಡಲ ಪಾಚಿಯ ಅಂಟು) ಕುದಿಸಿ ಎರಡು ಗಾಜಿನ ಲೋಟಗಳಲ್ಲಿ ಹೆಪ್ಪುಗಟ್ಟಿಸಿ, ಮೇಲೆ ತಣಿದ ರಸ ಸುರಿದೆವು. ಒಂದು ಲೋಟ ಒಲೆಯ ಬದಿಗೆ, ಇನ್ನೊಂದು ಕಿಟಕಿಯ ಬಳಿ.

ಆಗಸ್ಟ್ 7

ಮೊದಲ ದಿನಕ್ಕೆ ಬಣ್ಣ ಇಳಿದದ್ದು ಕಿಟಕಿಯ ಲೋಟದಲ್ಲಿ 8 ಮಿಲಿಮೀಟರ್, ಒಲೆಯ ಬದಿಯದರಲ್ಲಿ 11. ನಾಲ್ಕನೆಯ ದಿನವಾದ ಇಂದು ಕಿಟಕಿಯ ಲೋಟದಲ್ಲಿ 15. ನಾಲ್ಕು ಪಟ್ಟು ಹೊತ್ತಿಗೆ ಸುಮಾರು ಎರಡೇ ಪಟ್ಟು ದೂರ. ದಿಕ್ಕಿಲ್ಲದೆ ಅಲೆಯುವ ಕಣಗಳಿಗೆ ಐನ್‌ಸ್ಟೈನ್ ಹಾಕಿದ ಲೆಕ್ಕವೂ ಇದೇ. ಏಪ್ರಿಲಿನ ಗ್ರಾಫ್ ಹಾಳೆಗಳನ್ನು ಅಟ್ಟದಿಂದ ಇಳಿಸಿದ್ದೇವೆ. ಕೆಂಪು ಮಣಿಯೂ ಹಾಗೆಯೇ ನಡೆದಿತ್ತೇ ಎಂದು ಇವತ್ತು ರಾತ್ರಿ ಅಳೆಯುತ್ತೇವೆ.