ವಾಪಸ್ ತಂದ್ರೆ ಯಾವ ಬಣ್ಣ?

"ಅಲ್ಲಪ್ಪಾ, ನಾಳೆ ಏನೋ ಕಷ್ಟ ಅಂತ ಇದನ್ನ ವಾಪಸ್ ತಂದ್ರೆ, ಆಗ ಇದು ಯಾವ ಬಣ್ಣ?"

ಶನಿವಾರ ಅಮ್ಮ ಚಿನ್ನದಂಗಡಿಯಲ್ಲಿ ಕೇಳಿದ ಪ್ರಶ್ನೆ. ಇವತ್ತು ಬುಧವಾರ. ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಸೋಮವಾರ ಇದನ್ನೇ ಯೋಚಿಸುತ್ತಾ ಹಾಲು ಉಕ್ಕಿಸಿದೆ.

ಹೋಗಿದ್ದು ಮಗಳ ನಿಶ್ಚಿತಾರ್ಥಕ್ಕೆ ಓಲೆ ಮಾಡಿಸಲು. ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಲ್ಲಿ ನಮ್ಮ ಕಡೆಯವರು ಹಿಂದಿನಿಂದಲೂ ಹೋಗುವ ಅಂಗಡಿ. ಮಗಳು ಬೆಂಗಳೂರಿನ ದೊಡ್ಡ ಶೋರೂಮಿಗೇ ಹೋಗೋಣ ಅಂದಿದ್ದಳು. ನಾನೇ ಹಟ ಮಾಡಿದೆ. ಪರಿಚಯದವರು ಮೋಸ ಮಾಡಲ್ಲ ಅನ್ನುವ ನಂಬಿಕೆ ನನಗೆ. ಎಲ್ಲಿಂದ ಬಂತು ಈ ನಂಬಿಕೆ, ಕೇಳಬೇಡಿ.

ಅವಳಿಗೆ ಬಿಳಿ ವಜ್ರ ಬೇಡವಂತೆ. ಶಾಂಪೇನ್ ಬಣ್ಣದ್ದು ಬೇಕಂತೆ. "ಅದು ಕುಡಿಯೋದಲ್ವೇನೇ?" ಅಂದರು ಅಮ್ಮ. "ಕುಡಿಯೋದೇ ಅಜ್ಜಿ, ಫ್ರಾನ್ಸಿನಲ್ಲಿ ಮಾಡ್ತಾರೆ. ಬಣ್ಣ ಮಾತ್ರ ಅದರದ್ದು" ಅಂತ ಇವಳು. "ಓಲೆಗೆ ಹೆಂಡದ ಹೆಸರು" ಎಂದು ಅಮ್ಮ ದಾರಿಯುದ್ದಕ್ಕೂ ನಗುತ್ತಾ ಬಂದರು.

ಅಂಗಡಿಯಲ್ಲಿ ಈಗ ಯಜಮಾನರ ಮಗನದೇ ಓಡಾಟ. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಪೇಪರ್ ಹಿಡಿದು ಕೂತಿರುತ್ತಾರೆ. ಮಗ ಒಳ್ಳೆಯ ಹುಡುಗ. ಅಪ್ಪನಿಗಿಂತ ನೂರು ಪಾಲು ವಾಸಿ, ಹೇಳಿಬಿಡುತ್ತೇನೆ. ಇವಳು ಮೊದಲೇ ಫೋನ್ ಮಾಡಿದ್ದರಿಂದ ಬೆಂಗಳೂರಿನಿಂದ ಕಲ್ಲುಗಳನ್ನು ತರಿಸಿಟ್ಟಿದ್ದ. ಬಿಳಿ ಕಾಗದದ ಪೊಟ್ಟಣಗಳು, ನಾವು ವಿಭೂತಿ ಕಟ್ಟುವ ಹಾಗೆ ಮಡಚಿದ್ದವು. ಬಿಚ್ಚಿ ಕಲ್ಲುಗಳನ್ನು ಚಿಮಟದಲ್ಲಿ ಎತ್ತಿ ಒಂದೊಂದಾಗಿ ಇಟ್ಟ. ಒಂದು ತಿಳಿ ಚಹಾದ ಬಣ್ಣ. ಇನ್ನೊಂದು ಜೇನು. ಮತ್ತೊಂದು ಸುಟ್ಟ ಬೆಲ್ಲದ ಪಾಕ.

"ಇಲ್ಲೇ ನೋಡಿ ತಗೋಬೇಡಿ ಮೇಡಂ. ಈ ಲೈಟಿನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ" ಎಂದು ಅವನೇ ನಮ್ಮನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋದ. ಬಿಸಿಲಿಗಲ್ಲ, ನೆರಳಿನ ಬೆಳಕಿಗೆ. ಬಿಳಿ ಕಾಗದ ಮಡಚಿ, ಅದರ ಸಂದಿಯಲ್ಲಿ ಕಲ್ಲನ್ನು ಮಕಾಡೆ ಮಲಗಿಸಿದ. ಅಂಗಡಿಯೊಳಗೆ ಒಂದೇ ಥರ ಕಂಡಿದ್ದ ಎರಡು ಕಲ್ಲುಗಳು ಅಲ್ಲಿ ಬೇರೆಯೇ ಆದವು. ಒಂದರಲ್ಲಿ ಹಳದಿ ಇಣುಕುತ್ತಿತ್ತು, ಇನ್ನೊಂದರಲ್ಲಿ ಹಸಿರಿನ ಹಾಗೇನೋ. ಓಲೆಗಾದರೆ ಇದೇ ಕಷ್ಟ. ಉಂಗುರಕ್ಕೆ ಒಂದು ಕಲ್ಲು ಸಿಕ್ಕರೆ ಮುಗಿಯಿತು. ಕಿವಿಗೆ ಅವಳಿ ಸಿಗಬೇಕು. ಮೂವತ್ತು ಸೆಂಟಿನ ಒಂದು ಜೋಡಿಗೆ, ಅಂದರೆ ಒಂದೊಂದು ಕಲ್ಲೂ ಕ್ಯಾರೆಟ್ಟಿನ ಮೂರನೇ ಒಂದು ಪಾಲಿಗಿಂತ ಕಡಿಮೆ, ಒಂದೂವರೆ ಗಂಟೆ ಹಿಡಿಯಿತು. ಗಾಢ ಬಣ್ಣದ್ದೊಂದು ನನಗೆ ಇಷ್ಟವಾಗಿತ್ತು. ಕಿವಿಗೆ ಹಿಡಿದರೆ ಬೆಳಕೇ ಇಲ್ಲ, ಮಂಕು. "ಕಟಿಂಗ್ ಸರಿಯಿಲ್ಲ ಇದರದ್ದು. ಬಣ್ಣದ ಕಲ್ಲಿಗೆ ಕಟಿಂಗ್ ಕೆಟ್ಟರೆ ಸತ್ತ ಹಾಗೆ ಕಾಣುತ್ತೆ" ಎಂದು ತಾನೇ ಪಕ್ಕಕ್ಕಿಟ್ಟ.

ಕೂರಿಸಲು ಗುಲಾಬಿ ಚಿನ್ನ ಅಂದ. ತಾಮ್ರ ಜಾಸ್ತಿ ಇರುವುದರಿಂದ ಆ ಕೆಂಪು, ಕಲ್ಲಿನ ಬಣ್ಣವನ್ನು ಎತ್ತಿಕೊಡುತ್ತದಂತೆ. ನನಗೆ ಮಾಮೂಲಿ ಹಳದಿ ಚಿನ್ನವೇ ಚೆಂದ. ಆದರೆ ನನ್ನನ್ನು ಕೇಳುವವರು ಯಾರು?

ಮಗಳು ಓದಿಕೊಂಡು ಬಂದಿದ್ದಳು. ಈ ಬಣ್ಣ ಹುಟ್ಟಿದ್ದೋ ಮಾಡಿದ್ದೋ ಅಂತ ಕೇಳಿದಳು. ವಿಕಿರಣ ಕೊಟ್ಟು, ಬಿಸಿ ಮಾಡಿ ಬಣ್ಣ ಬರಿಸಿದ ಕಲ್ಲುಗಳೂ ಇವೆಯಂತೆ. ಆಮೇಲೆ ರಿಪೇರಿಗೆ ಕೊಟ್ಟಾಗ ಆಚಾರಿಯ ಬೆಂಕಿ ತಾಗಿದರೆ ಬಣ್ಣ ಕೆಡಬಹುದು. ಇನ್ನು ಲ್ಯಾಬಿನಲ್ಲಿ ಬೆಳೆಸಿದ್ದು ಬೇರೆ. ಹುಡುಗ ರಿಪೋರ್ಟ್ ತೆಗೆದು ಅವಳ ಮುಂದಿಟ್ಟ. ಸಹಜ ವಜ್ರ, ಸಹಜ ಬಣ್ಣ. ಉತ್ಸಾಹ ಬಂದು ಕಥೆಯನ್ನೂ ಹೇಳಿದ. ಆಸ್ಟ್ರೇಲಿಯಾದ ಪಶ್ಚಿಮದಲ್ಲಿ ಆರ್ಗೈಲ್ ಅಂತ ಗಣಿ. 1983ರಲ್ಲಿ ಶುರುವಾಗಿದ್ದು. ಅಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಕಂದು ವಜ್ರಗಳೇ. ಅದುವರೆಗೆ ಇಂಥವನ್ನು ಆಭರಣಕ್ಕೆ ಕೇಳುವವರು ಕಡಿಮೆ. ಹೆಚ್ಚಿನವು ಕೊರೆಯೋ, ಉಜ್ಜೋ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದವು. ಅಷ್ಟೊಂದು ಕಂದು ಕಲ್ಲು ಇಟ್ಟುಕೊಂಡು ಗಣಿಯವರು ಏನು ಮಾಡಬೇಕು? ತಿಳಿಯಾಗಿದ್ದಕ್ಕೆ ಶಾಂಪೇನ್, ಗಾಢವಾಗಿದ್ದಕ್ಕೆ ಕೊನ್ಯಾಕ್ (ಅದೂ ಕುಡಿಯೋದೇ) ಅಂತ ಹೆಸರಿಟ್ಟು, ಸಿ1ರಿಂದ ಸಿ7ರವರೆಗೆ ದರ್ಜೆ ಮಾಡಿ ಮಾರಿದರು. 2020ರ ನವೆಂಬರಿನಲ್ಲಿ ಗಣಿ ಮುಚ್ಚಿತು.

"ಭೂಮಿ ಒಳಗೆ ಒತ್ತಡಕ್ಕೆ ಸಿಕ್ಕಿ ಕಲ್ಲಿನೊಳಗಿನ ಜೋಡಣೆ ಸ್ವಲ್ಪ ಸರಿದಿರುತ್ತೆ ಅಜ್ಜಿ. ಅದಕ್ಕೇ ಈ ಬಣ್ಣ" ಅಂದ.

"ಪೆಟ್ಟು ತಿಂದ ಕಲ್ಲು ಅನ್ನು" ಅಂದರು ಅಮ್ಮ. ಅಲ್ಲಿಯವರೆಗೆ ಅವರು ಮಾತೇ ಆಡಿರಲಿಲ್ಲ. ಒಂದು ಕಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡು ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇದು ನನ್ನ ಓಲೆ ಬಣ್ಣಾನೇ ಅಲ್ವೇನೇ?"

ನಾನು ಇದನ್ನೇ ಹೆದರಿಕೊಂಡಿದ್ದೆ.

ಅಮ್ಮನಿಗೆ ಏಳು ಕಲ್ಲಿನ ವಜ್ರದ ಓಲೆ ಇತ್ತು. 1971ರಲ್ಲಿ ಮದುವೆಗೆ ಅಂತ ತಾತ ತಂದಿದ್ದು, ಆಲೂಗಡ್ಡೆ ಬೆಳೆ ಕೈಹಿಡಿದ ವರ್ಷ. ಹಿಂದೆ ಮುಚ್ಚಿದ ಹಳೇ ಕಟ್ಟು. 2002ರಲ್ಲಿ ಅದನ್ನು ಮಾರಿದೆವು. ಆಗ ನಾವಿನ್ನೂ ಕೋಲಾರ ಜಿಲ್ಲೆ. ಚೀನಾ ರೇಷ್ಮೆ ಬಂದು ಗೂಡಿನ ಬೆಲೆ ಬಿದ್ದುಹೋಗಿತ್ತು, ತಮ್ಮನ ಕಾಲೇಜು ಫೀಸು ಕಟ್ಟಬೇಕಿತ್ತು. ಇದೇ ಅಂಗಡಿ. ಇದೇ ಯಜಮಾನರು. ಕಲ್ಲು ಕೀಳಿಸಿ, ಬೂದಗಾಜು ಕಣ್ಣಿಗೆ ಹಿಡಿದು, "ಕಲ್ಲು ಕಂದು ಬಣ್ಣ ಅಮ್ಮಾ, ರೇಟು ಬರಲ್ಲ" ಅಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಕೊಂಡವರಿಗೆ ಗೊತ್ತಾಗಿಲ್ಲ, ಪಾಪ" ಅಂತಲೂ ಸೇರಿಸಿದರು.

ಅವತ್ತು ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಬಿಳಿ ವಜ್ರದ ಬಣ್ಣವನ್ನು ಡಿ ಇಂದ (ಬಣ್ಣವೇ ಇಲ್ಲದ್ದು) ಝಡ್‌ವರೆಗೆ ಅಳೆಯುವಾಗ ಕಂದು ಛಾಯೆ ಕಂಡರೆ ಬೆಲೆ ಇಳಿಯುತ್ತದೆ, ಇವತ್ತಿಗೂ. ಮುಚ್ಚಿದ ಕಟ್ಟಿನಲ್ಲಿ ಅದು ಗೊತ್ತಾಗುವುದಿಲ್ಲ. ನಾವು ಈಗ ಕೊಳ್ಳುತ್ತಿದ್ದ ಶಾಂಪೇನ್ ಕಲ್ಲೂ ಅಷ್ಟೇ ತೂಕದ ಒಳ್ಳೆ ಬಿಳಿ ಕಲ್ಲಿಗಿಂತ ಅಗ್ಗವೇ. ಅದನ್ನು ಹುಡುಗ ಮುಚ್ಚಿಡಲಿಲ್ಲ. ಹಾಗಾಗಿ ನನ್ನ ಸಂಕಟ ದುಡ್ಡಿನದ್ದಲ್ಲ. ಆ "ಪಾಪ" ಅನ್ನುವ ಮಾತಿನದ್ದು. ಅದಕ್ಕೆ ಮೊದಲು ಮನೆಗೆ ಯಾರು ಬಂದರೂ ಅಮ್ಮ ಕಿವಿ ಮುಟ್ಟಿಕೊಂಡು "ನಮ್ಮಪ್ಪ ತಂದಿದ್ದು" ಅನ್ನುತ್ತಿದ್ದರು. ಓಲೆಯ ಜೊತೆ ಆ ಮಾತೂ ಹೋಯಿತು. ತಾತ ಯಾರ ಹತ್ತಿರವೋ ಮೋಸ ಹೋಗಿದ್ದರು ಎಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ನಂಬಿಕೊಂಡು ಇದ್ದುಬಿಟ್ಟರು. ತಾತ ಸಂತೆಯಲ್ಲಿ ಬದನೆಕಾಯಿಯನ್ನೂ ನಾಲ್ಕು ಸಲ ತಿರುಗಿಸಿ ನೋಡದೆ ತಂದವರಲ್ಲ.

ಅಪ್ಪನ ಜೊತೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದಾಗಲೂ ಇದೇ ರಾಗ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಲಾಟಿಗೆ ಕೈ ಹಾಕಿ, ಗೂಡು ಎತ್ತಿ, ಮೂತಿ ತಿರುವಿ "ಬಣ್ಣ ಇಲ್ಲ" ಅನ್ನುವರು. ಅದೇ ಗೂಡು ಸೀರೆಯಾಗಿ ಅಂಗಡಿಗೆ ಬಂದರೆ, ಬಣ್ಣ ಇಲ್ಲ ಅಂತ ಯಾವ ಮಾರಾಟಗಾರನೂ ಹೇಳಿದ್ದು ನಾನಂತೂ ಕೇಳಿಲ್ಲ. ನನ್ನ ಮಗಳ ಬಯೋಡಾಟದಲ್ಲಿ ಬ್ರೋಕರ್ "ಗೋಧಿ ಬಣ್ಣ" ಅಂತ ಬರೆದಿದ್ದ. ನೋಡಲು ಬಂದ ಮೊದಲ ಮನೆಯವರು ಹೋದ ಮೇಲೆ ಹೇಳಿ ಕಳಿಸಿದ್ದು ಬೇರೆ ಬಣ್ಣ. ಅದಿರಲಿ.

ಮಗಳು ರಿಪೋರ್ಟನ್ನು ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲಿ ಶಾಂಪೇನ್ ಅನ್ನುವ ಪದವೇ ಇಲ್ಲ. ವಜ್ರ ಪರೀಕ್ಷಿಸಿ ರಿಪೋರ್ಟ್ ಕೊಡುವ ಜಿಐಎ ಲ್ಯಾಬಿನವರು ಹಾಗೆ ಬರೆಯುವುದೇ ಇಲ್ಲವಂತೆ. "ಫ್ಯಾನ್ಸಿ ಯೆಲ್ಲೋಯಿಶ್ ಬ್ರೌನ್."

"ಬ್ರೌನ್ ಅಂದ್ರೆ ಕಂದು ಅಲ್ವೇನಪ್ಪಾ?" ಅಂದರು ಅಮ್ಮ.

"ಹೌದು ಅಜ್ಜಿ. ಆದ್ರೆ ಕಂದು ಅಂದ್ರೆ ಯಾರು ತಗೋತಾರೆ?" ಹುಡುಗ ನಕ್ಕ.

ಆಗಲೇ ಅಮ್ಮ ಆ ಪ್ರಶ್ನೆ ಕೇಳಿದ್ದು. ಜಗಳದ ದನಿಯಲ್ಲಲ್ಲ. ಸೊಪ್ಪಿನವಳ ಹತ್ತಿರ ನಾಳೆಯೂ ಬರ್ತೀಯಾ ಅಂತ ಕೇಳುವ ಹಾಗೆ. "ಅಲ್ಲಪ್ಪಾ, ನಾಳೆ ಏನೋ ಕಷ್ಟ ಅಂತ ಇದನ್ನ ವಾಪಸ್ ತಂದ್ರೆ, ಆಗ ಇದು ಯಾವ ಬಣ್ಣ?"

ಹುಡುಗ ಬಿಲ್ ಇದ್ದರೆ ಇಷ್ಟು ಪರ್ಸೆಂಟ್ ಅಂತ ಏನೋ ಲೆಕ್ಕ ಶುರು ಮಾಡಿದ. ಅಮ್ಮ ಅವನನ್ನು ನೋಡುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತಿದ್ದರು. ಯಜಮಾನರು ಪೇಪರ್ ಇಳಿಸಿದರು. ಕನ್ನಡಕ ತೆಗೆದು ಒರೆಸಿದರು. ನೆನಪಿತ್ತೋ ಇಲ್ಲವೋ, ದೇವರೇ ಬಲ್ಲ. ಅಂಥ ಎಷ್ಟು ಓಲೆ ಕಂಡಿದ್ದಾರೋ ಅವರು. "ಅಮ್ಮನಿಗೆ ಕಾಫಿ ತರಿಸೋ" ಅಂದರು. ಅಷ್ಟೇ. ಮತ್ತೆ ಪೇಪರ್ ಮೇಲೇರಿತು.

ಅಮ್ಮ ಕಾಫಿ ಕುಡಿದರು. ಸಕ್ಕರೆ ಜಾಸ್ತಿ ಅಂದರು. ನಾವು ಆ ಜೋಡಿಗೇ ಅಡ್ವಾನ್ಸ್ ಕೊಟ್ಟು ಬಂದೆವು. ಎದ್ದು ಬರಬೇಕಿತ್ತು ಅಂತ ಮಗಳಿಗೆ ಆಮೇಲೆ ಹೇಳಿದೆ. "ಒಂದೂವರೆ ಗಂಟೆ ಹುಡುಕಿದ ಅವಳಿ ಅಮ್ಮ" ಅಂದಳು. ಅದೂ ನಿಜವೇ.

ನಿನ್ನೆ ರಾತ್ರಿ ಅಮ್ಮ ಚಿಂತಾಮಣಿಯ ಚಿಕ್ಕಮ್ಮನಿಗೆ ಫೋನ್ ಹಚ್ಚಿದರು. ಕಿವಿ ಸ್ವಲ್ಪ ಮಂದ, ಅದಕ್ಕೇ ಸ್ಪೀಕರ್ ಹಾಕಿಯೇ ಮಾತು. "ಅಪ್ಪ ನಂಗೆ ತಂದಿದ್ರಲ್ಲ ಓಲೆ, ಅದು ಸಾಂಪೇನು ಕಣೇ. ಆಸ್ಟ್ರೇಲಿಯಾದ್ದು. ಈಗ ಆ ಗಣೀನೇ ಮುಚ್ಚೋಗಿದೆಯಂತೆ, ದುಡ್ಡು ಕೊಟ್ರೂ ಸಿಗಲ್ಲ."

ಮಗಳು ನನ್ನ ಮುಖ ನೋಡಿದಳು. ಗಣಿ ಶುರುವಾಗಿದ್ದು 1983ರಲ್ಲಿ, ಅಮ್ಮನ ಮದುವೆ ಆಗಿದ್ದು 1971ರಲ್ಲಿ. ಅವಳು ಬಾಯಿ ತೆರೆಯುವ ಮೊದಲೇ ಬಟ್ಟೆ ತರಲು ಮಹಡಿಗೆ ಕಳಿಸಿದೆ.