ನಂಗ್ಯಾಕಪ್ಪಾ ಬೈತೀಯಾ?

ಎಲೆಕ್ಷನ್ ಬಂತಂದ್ರೆ ನಮ್ಮಂಥ ವಿಡಿಯೋ ಎಡಿಟರ್‌ಗಳಿಗೆ ಕೈತುಂಬಾ ಕೆಲ್ಸ. ಈ ಸಲದ ಕ್ಲೈಂಟ್ ಕಡೆಯವ್ರು ಸ್ಕ್ರಿಪ್ಟ್ ಅವ್ರೇ ಬರ್ಕೊಂಡ್ ಬಂದಿದ್ರು, ಮೊದ್ಲ ಲೈನೇ "ಹೋದ್ಸಲ ಅವ್ರಿಗೆ ವೋಟ್ ಹಾಕಿದ್ರಲ್ಲ, ಈಗ ಅನುಭವಿಸಿ." ಹಿಂದೆ ಗುಡುಗಿನ ಸೌಂಡು, ಜೋಲು ಮುಖಗಳೆಲ್ಲ ಬ್ಲ್ಯಾಕ್ ಅಂಡ್ ವೈಟು, ಅವ್ರ ಲೀಡರ್ ಬಂದ್ಮೇಲೆ ಮಾತ್ರ ಕಲರು. ಇದನ್ನ ನೋಡಿ ಎದುರು ಪಾರ್ಟಿಯವ್ರ ವೋಟು ಈ ಕಡೆ ಬರ್ಬೇಕಂತೆ!

ನಮ್ಮ ಆಫೀಸಲ್ಲಿ ಅಕೌಂಟ್ಸ್ ನೋಡೋ ಸರ್ ಪಕ್ಕಾ ಎದುರು ಪಾರ್ಟಿ. ಅವ್ರನ್ನೇ ಕೂರಿಸಿ ರಫ್ ಕಟ್, ಅಂದ್ರೆ ಮೊದಲ ಸುತ್ತಿನ ಎಡಿಟ್, ತೋರಿಸ್ದೆ. ಹತ್ತು ಸೆಕೆಂಡೂ ಆಗಿರ್ಲಿಲ್ಲ, "ನಂಗ್ಯಾಕಪ್ಪಾ ಬೈತೀಯಾ" ಅಂತ ಎದ್ದು ಹೋದ್ರು.

ಅವತ್ತು ರಾತ್ರಿ ಡೈರೆಕ್ಟರೂ ನಾನೂ ಹಳೇ ಆಡ್‌ಗಳನ್ನ ಹುಡುಕಿ ಹುಡುಕಿ ನೋಡಿದ್ವಿ. 1964ರ ಅಮೆರಿಕ ಎಲೆಕ್ಷನ್ ಅಂದ್ರೆ ಎಲ್ರೂ ಹೇಳೋದು ಹೂವಿನ ದಳ ಕೀಳ್ತಾ ಎಣಿಸೋ ಪುಟ್ಟ ಹುಡುಗಿ, ಆಮೇಲೆ ಅಣುಬಾಂಬು, ಅದೇ ಆಡು. ನಂಗೆ ಹಿಡಿಸಿದ್ದು ಅದಲ್ಲ, ಅದನ್ನ ಮಾಡಿಸಿದ ಡೆಮಾಕ್ರಟಿಕ್ ಪಾರ್ಟಿಯ ಪ್ರೆಸಿಡೆಂಟ್ ಜಾನ್ಸನ್ ಕಡೆಯವ್ರದೇ ಇನ್ನೊಂದು, 'ಕನ್ಫೆಷನ್ಸ್ ಆಫ್ ಎ ರಿಪಬ್ಲಿಕನ್', ಅಂದ್ರೆ ಎದುರು ಪಾರ್ಟಿಯವನೊಬ್ಬ ಮನಸ್ಸು ಬಿಚ್ಚಿ ಹೇಳೋದು. ನಾಲ್ಕು ನಿಮಿಷಕ್ಕೂ ಜಾಸ್ತಿ, ಮ್ಯೂಸಿಕ್ ಇಲ್ಲ ಏನಿಲ್ಲ, ಕನ್ನಡಕ ಹಾಕಿದ ಒಬ್ಬ ಮನುಷ್ಯ ಕ್ಯಾಮೆರಾ ಮುಂದೆ ಚಡಪಡಿಸ್ತಾ ಮಾತಾಡ್ತಾನೆ, ನಡುವೆ ಸಿಗರೇಟ್ ಹಚ್ಕೋತಾನೆ. ನಮ್ಮಪ್ಪ ರಿಪಬ್ಲಿಕನ್, ತಾತ ರಿಪಬ್ಲಿಕನ್, ನಾನೂ ಐಸೆನ್‌ಹೋವರ್‌ಗೆ ಹಾಕಿದೀನಿ, ನಿಕ್ಸನ್‌ಗೆ ಹಾಕಿದೀನಿ, ಅದ್ರಲ್ಲಿ ಯಾವ ಗಿಲ್ಟೂ ಇಲ್ಲ ಅಂತಾನೆ. ಆದ್ರೆ ಈ ಸಲದ ರಿಪಬ್ಲಿಕನ್ ಕ್ಯಾಂಡಿಡೇಟ್ ಗೋಲ್ಡ್‌ವಾಟರ್ ಬೇರೆ ಥರ, ಭಯ ಆಗುತ್ತೆ ಅಂತಾನೆ. ಆ ನಟ ವಿಲಿಯಂ ಬೊಗರ್ಟ್ ನಿಜವಾಗ್ಲೂ ರಿಪಬ್ಲಿಕನ್ನೇ ಅಂತೆ! ಅವನು ಪಾರ್ಟಿ ಬಿಡಿ ಅಂತ ಯಾರಿಗೂ ಹೇಳಲ್ಲ, ನೀವು ಹಿಂದೆ ಹಾಕಿದ ವೋಟು ತಪ್ಪು ಅಂತಾನೂ ಹೇಳಲ್ಲ, ಈ ಒಂದ್ಸಲ ಈ ಒಬ್ಬನ್ನ ಬಿಡಿ ಅಷ್ಟೆ, ಮರ್ಯಾದೆ ಹೋಗದಂಗೆ ಆಚೆ ಬರೋಕೆ ದಾರಿ ಮಾಡ್ಕೊಡ್ತಾನೆ.

1984ರಲ್ಲಿ ಮತ್ತೆ ನಿಂತ ಅಮೆರಿಕದ ಪ್ರೆಸಿಡೆಂಟ್ ರೇಗನ್ ಆಡಲ್ಲೂ ಎದುರಾಳಿ ಮಾಂಡೇಲ್ ಹೆಸ್ರೇ ಇಲ್ಲ, ಬರೀ ಬೆಳಗು, ಕೆಲ್ಸಕ್ಕೆ ಹೋಗೋ ಜನ, ಮದ್ವೆ. ಚಿಲಿಯದ್ದು ಇನ್ನೂ ಕಷ್ಟದ ಕತೆ. 1988ರಲ್ಲಿ ಸರ್ವಾಧಿಕಾರಿ ಪಿನೋಚೆ ಅಧಿಕಾರದಲ್ಲಿ ಇರ್ಬೇಕಾ ಬೇಡ್ವಾ ಅಂತ ಜನಮತ, 'ನೋ' ಅನ್ನೋರಿಗೆ ಟಿವಿಯಲ್ಲಿ ರಾತ್ರಿಗೆ 15 ನಿಮಿಷ. ಅಷ್ಟು ವರ್ಷದ ಸಿಟ್ಟು ಇತ್ತು, ಆದ್ರೂ ಅವ್ರು ಮುಂದಿಟ್ಟಿದ್ದು ಕಾಮನಬಿಲ್ಲು, ಸಂತೋಷ ಬರ್ತಿದೆ ಅನ್ನೋ ಹಾಡು. ಅವ್ನ ಆಳ್ವಿಕೆಲಿ ಕಾಣೆಯಾದವ್ರ ಮನೆ ಹೆಂಗಸ್ರು ಜೋಡಿಯಾಗಿ ಮಾಡೋ ಡ್ಯಾನ್ಸನ್ನ ಒಂಟಿಯಾಗಿ ಕುಣಿಯೋ ದೃಶ್ಯಾನೂ ಅದೇ ಪ್ರಚಾರದಲ್ಲಿತ್ತು, ನೋವನ್ನ ಮುಚ್ಚಿಡ್ಲಿಲ್ಲ, ಆದ್ರೆ ಹಿಂದೆ ಪಿನೋಚೆ ಪರ ಇದ್ದವ್ರನ್ನ ಬೈಯೋಕೆ ಅದನ್ನ ಬಳಸ್ಲಿಲ್ಲ. 'ನೋ'ಗೆ ಸುಮಾರು ಶೇ. 56 ವೋಟ್ ಬಂತು. ಆಡ್ ಒಂದ್ರಿಂದಾನೇ ಗೆದ್ರು ಅನ್ನೋದು ನಮ್ಮ ಫೀಲ್ಡಿನವ್ರ ಜಂಬ ಬಿಡಿ, ಜನರ ಹೆಸ್ರು ವೋಟರ್ ಲಿಸ್ಟಿಗೆ ಸೇರ್ಸೋಕೆ ಓಡಾಡಿದವ್ರು ಬೇರೇನೇ ಇದ್ರು.

ಬೆಳಿಗ್ಗೆ ನಮ್ ಸ್ಕ್ರಿಪ್ಟ್ ಬದಲಾಯ್ತು. ಗುಡುಗು ತೆಗೆದ್ವಿ. "ನೀವು ಯಾರಿಗೆ ಹಾಕಿದ್ರೂ ನಂಬಿಕೆ ಇಟ್ಟೇ ಹಾಕಿರ್ತೀರಿ" ಅಂತ ಶುರು, ಆಮೇಲೆ ಅರ್ಧಕ್ಕೆ ನಿಂತ ಸೇತುವೆದು ಒಂದೇ ಶಾಟ್, ಕೆಲ್ಸ ನಿಂತ ತಾರೀಖು. ಅಕೌಂಟ್ಸ್ ಸರ್ ಈ ಸಲ ಪೂರ್ತಿ ನೋಡಿದ್ರು. ವೋಟ್ ಬದಲಾಯಿಸ್ತೀನಿ ಅಂತೇನೂ ಅನ್ಲಿಲ್ಲ, "ಆ ತಾರೀಖು ನಿಜಾನಾ?" ಅಂತ ಕೇಳಿದ್ರು, ದಾಖಲೆ ತೋರಿಸು ಅಂದ್ರು, ತೋರಿಸ್ದೆ.

ಕ್ಲೈಂಟಿಗೆ ಕಳಿಸಿದ್ವಿ. ಒಂದೇ ಲೈನ್ ರಿಪ್ಲೈ: "ನಮ್ಮ ಲೀಡರ್ ಫೋಟೋ ಇನ್ನೂ ದೊಡ್ಡದಾಗ್ಬೇಕು, ಆ ಗುಡುಗು ಎಲ್ಲಿ ಹೋಯ್ತು?"